ವ್ಯಾಗನ್ನಿನ ಬಾಗಿಲು ಹಾಕುತ್ತಿದ್ದ ಮಾವ

ಮಾವನ ಅಂಗೈಗೆರೆಗಳಲ್ಲಿ ತುಕ್ಕು ಕೂತುಬಿಟ್ಟಿತ್ತು. ಸೋಪು, ಸೀಗೆಪುಡಿ, ಸೀಮೆಎಣ್ಣೆ, ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಮುದ್ದೆ ಮುರಿಯುವ ಮೊದಲು ಕೈಯನ್ನು ಪಂಚೆಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿಕೊಂಡು, "ಈ ಜನ್ಮಕ್ಕೆ ಓಗಾಕಿಲ್ಲ ಬುಡು" ಎಂದು ನಗುತ್ತಿದ್ದರು. ಆ ನಗುವನ್ನು ನಾನು ನೋಡಿದ್ದು ಚಿಕ್ಕಂದಿನಲ್ಲಿ ಮಾತ್ರ. ಆಮೇಲಿನ ವರ್ಷಗಳಲ್ಲಿ ಅವರು ನಕ್ಕದ್ದು ನನಗೆ ನೆನಪಿಲ್ಲ.

ಅವರು ನನ್ನ ಸ್ವಂತ ಸೋದರಮಾವನಲ್ಲ. ಅವರ ಊರು ರಾವಂದೂರಿನ ಕಡೆ, ಹೊಲ ಉಳುವ ಲಿಂಗಾಯತರ ಮನೆ. ಅವ್ವ ಸರಗೂರಿನಾಚೆಯ ಕಾಡಂಚಿನ ಆದಿವಾಸಿ ಹಾಡಿಯವಳು. ಇಬ್ಬರೂ ಹೊಟ್ಟೆಪಾಡಿಗೆ ಬಂದು ಸೇರಿದ್ದು ಕೃಷ್ಣರಾಜನಗರದ ಹತ್ತಿರ, ರೈಲು ಹಳಿಯ ಪಕ್ಕದ ಒಂದು ಗೋಡೌನಿಗೆ. ಉತ್ತರದ ಕಡೆಯಿಂದ ರೇಷನ್ ಗೋದಿ ಹೊತ್ತ ಗೂಡ್ಸ್ ಗಾಡಿ ಅಲ್ಲಿಗೆ ಬರುತ್ತಿತ್ತು. ಗಂಡಸರು ಮೂಟೆ ಇಳಿಸುತ್ತಿದ್ದರು. ಹೆಂಗಸರು ಖಾಲಿಯಾದ ವ್ಯಾಗನ್ನಿನೊಳಗೆ ಹತ್ತಿ ಗುಡಿಸಿ, ಚೆಲ್ಲಿದ ಕಾಳನ್ನು ಮೊರದಲ್ಲಿ ತುಂಬಿಕೊಳ್ಳುತ್ತಿದ್ದರು. ಅಪ್ಪ ಸತ್ತ ಮೇಲೆ ಅವ್ವ ಈ ಕೆಲಸಕ್ಕೆ ಸೇರಿದಳು. ಗಂಡನಿಲ್ಲದವಳೆಂದು ಯಾರೋ ಅಡ್ಡಮಾತಾಡಿದಾಗ ಮಾವ ಅಡ್ಡ ಬಂದು, "ಅವ್ಳು ನನ್ ತಂಗಿ ಕಣ್ಲಾ" ಎಂದರಂತೆ. ಅಂದಿನಿಂದ ಅವ್ವನಿಗೆ ಅವರು ಅಣ್ಣಯ್ಯ, ನನಗೆ ಮಾವ. ಮಾವನಿಗೆ ಮದುವೆಯಾಗಿರಲಿಲ್ಲ. ಹಬ್ಬದ ಊಟ ನಮ್ಮ ಮನೆಯಲ್ಲೇ.

ಗೋಡೌನಿನಲ್ಲಿ ಮಾವನ ಕೆಲಸವೆಂದರೆ ವ್ಯಾಗನ್ನಿನ ಬಾಗಿಲು ತೆಗೆಯುವುದು ಮತ್ತು ಹಾಕುವುದು. ಕೇಳಿದರೆ ಇದೂ ಒಂದು ಕೆಲಸವೇ ಅನ್ನಿಸುತ್ತದೆ. ಆದರೆ ಅದು ಮನೆಯ ಬಾಗಿಲಿನಂಥದ್ದಲ್ಲ. ಎರಡು ರೆಕ್ಕೆಯ ದಪ್ಪ ಕಬ್ಬಿಣದ ಬಾಗಿಲು, ಹೊರಕ್ಕೆ ತೆರೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಕುಲುಕಾಡಿ ಬಂದ ಮೂಟೆಗಳು ಒಳಗಿನಿಂದ ಅದಕ್ಕೆ ಒರಗಿಕೊಂಡಿರುತ್ತವೆ. ಕೊಂಡಿ ಸಡಿಲವಾದ ಕ್ಷಣ ಬಾಗಿಲೂ ಮೂಟೆಗಳೂ ಒಟ್ಟಿಗೆ ಮೈಮೇಲೆ ಬರುತ್ತವೆ. ಮಾವ ಪಕ್ಕಕ್ಕೆ ನಿಂತು, ಹಾರೆಯ ತುದಿಯಿಂದ ಕೊಂಡಿಯ ಪಿನ್ನು ಎಬ್ಬಿಸುತ್ತ, "ಸರ್ಕೊಳ್ರಪ್ಪೋ, ಬಾಗ್ಲು ಬತ್ತದೆ!" ಎಂದು ಕೂಗುತ್ತಿದ್ದರು. ಅವರ ಕೈಯಲ್ಲಿ ಯಾರಿಗೂ ಒಂದು ತರಚುಗಾಯವೂ ಆಗಿರಲಿಲ್ಲ.

ಹಾಕುವುದು ನೋಡಲು ಸುಲಭ. ರೆಕ್ಕೆಗಳನ್ನು ಕೂಡಿಸಿ, ಒಂದರ ಪಟ್ಟಿಯನ್ನು ಇನ್ನೊಂದರ ಕೊಂಡಿಯ ಮೇಲೆ ಕೂರಿಸಿ, ಸರಪಳಿಯಲ್ಲಿ ನೇತಾಡುವ ಬೆರಳುದ್ದದ ಪಿನ್ನನ್ನು ತೂತಿಗೆ ಇಳಿಸಿದರೆ ಮುಗಿಯಿತು. ಆಮೇಲೆ ಒಳಗಿನಿಂದ ಆನೆ ತಳ್ಳಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಮಾವ ಮಾತ್ರ, "ತೆಗ್ಯೋದೇನು ಮಗಾ, ತೆಗುದ್ರೆ ಒಳಗಿರೋದು ಕಾಣ್ತದೆ. ಮುಚ್ಚೋದೇ ಕಷ್ಟ" ಎನ್ನುತ್ತಿದ್ದರು. ಪ್ರತಿ ವ್ಯಾಗನ್ನಿಗೂ ಹತ್ತಿ, ಕತ್ತಲು ತುಂಬಿದ ಎರಡೂ ಮೂಲೆಗೆ ನಡೆದು ನೋಡಿ, "ಯಾರವ್ವಾ ಒಳ್ಗೆ?" ಎಂದು ಕೂಗಿ, ಇಳಿದ ಮೇಲೆಯೇ ಬಾಗಿಲಿಗೆ ಕೈ ಹಚ್ಚುತ್ತಿದ್ದರು.

ಒಮ್ಮೆ ಹೀಗೆ ಮೂಲೆ ನೋಡಲು ಹೋದವರಿಗೆ ಹರಿದ ಗೋಣಿಯ ಮೇಲೆ ಮರಿ ಹಾಕಿದ ನಾಯಿ ಕಂಡಿತು. ಎಂಜಿನ್ ಬಂದು ನಿಂತಿತ್ತು. ಗುತ್ತಿಗೆದಾರನ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಮಾವ ಒಂದೊಂದೇ ಮರಿಯನ್ನು ಟವಲಿನಲ್ಲಿ ಸುತ್ತಿ ಇಳಿಸಿ, ತಾಯಿನಾಯಿ ಕಚ್ಚಿದ ಕೈಯನ್ನು ಹಾಗೇ ಬಿಟ್ಟುಕೊಂಡು ಬಂದು ಪಿನ್ನು ಹಾಕಿದರು. ರೈಲು ನಿಲ್ಲಿಸಿದ ಈ ಕಥೆಯನ್ನು ಅವ್ವ ಬೀದಿಗೆಲ್ಲ ಹೇಳಿಕೊಂಡು ನಕ್ಕಿದ್ದಳು. ಅಂಥ ಮನುಷ್ಯನ ಕೈಯಿಂದಲೇ ನಮ್ಮ ಮನೆಗೆ ಅದು ಆಗಬೇಕಿತ್ತು.

ನಾನು ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಬೇಸಿಗೆ. ಅವ್ವನಿಗೆ ಬೆಳಗಿನಿಂದ ಮೈ ಬಿಸಿಯಿತ್ತು. ಆದರೂ ಗಾಡಿ ಬಂದಿದೆಯೆಂದು ಹೋದಳು. ಮಧ್ಯಾಹ್ನ ಅವಳು ನಡುಗುತ್ತಿದ್ದುದನ್ನು ಕಂಡು ಮಾವ, "ಜ್ವರ ಇಟ್ಕಂಡು ಏನ್ ಗುಡುಸ್ತೀಯೆ, ಮನೆಗ್ ಓಗಿ ಮನಿಕೊ" ಎಂದು ಗದರಿದರು. ಅವಳು ಆಗಲಿ ಎಂದಳು. ಅವರು ಅದನ್ನೇ ನಂಬಿದರು. ಆದರೆ ಅವಳು ಇನ್ನೊಂದೇ ಒಂದು ಗುಡಿಸಿ ಹೋಗೋಣವೆಂದು ಗಾಡಿಯ ಕೊನೆಗಿದ್ದ ಒಂದು ವ್ಯಾಗನ್ ಹತ್ತಿದಳು. ಮೂಲೆಯಲ್ಲಿ ತಲೆ ಸುತ್ತಿ, ಗೋಣಿ ಹಾಸಿಕೊಂಡು ಒರಗಿದಳು.

ಅವತ್ತು ಎಂಜಿನ್ ಮೊದಲೇ ಬಂತು. ಸೂಪರ್‌ವೈಸರ್ ಹಿಂದೆಯೇ ನಿಂತು ಅವಸರ ಮಾಡಿದ. ಹೆಂಗಸರೆಲ್ಲ ಇಳಿದು ಕೈಕಾಲು ತೊಳೆಯುತ್ತಿದ್ದರು. ಮಾವ ಕೊನೆಯ ವ್ಯಾಗನ್ನುಗಳಿಗೆ ಹತ್ತಲಿಲ್ಲ. ಬಾಗಿಲಲ್ಲಿ ನಿಂತೇ ಕೂಗಿದರು. ಉತ್ತರ ಬರಲಿಲ್ಲ. ಪಿನ್ನು ಹಾಕಿದರು.

ಸಂಜೆ ನಾನು ಕಾಲೇಜಿನಿಂದ ಬಂದಾಗ ಮನೆಗೆ ಬೀಗ. ಒಳಗೆ ಚಾರ್ಜಿಗಿಟ್ಟಿದ್ದ ಅವ್ವನ ಫೋನು ಹೊಡೆದುಕೊಳ್ಳುತ್ತಿತ್ತು. ಜ್ವರ ಹೇಗಿದೆಯೆಂದು ಕೇಳಲು ಮಾವ ಮಾಡುತ್ತಿದ್ದ ಫೋನು ಅದು. ನನ್ನ ಹತ್ತಿರವಿದ್ದ ಕೀಲಿಯಿಂದ ಬೀಗ ತೆಗೆದು ಫೋನೆತ್ತಿ, ಅವಳು ಮನೆಗೆ ಬಂದೇ ಇಲ್ಲವೆಂದು ನಾನು ಹೇಳಿದಾಗ ಓಡಿ ಬಂದರು. ಆಸ್ಪತ್ರೆ, ಬಸ್ ಸ್ಟ್ಯಾಂಡು, ಅಂಗಡಿಸಾಲು ಎಲ್ಲ ಸುತ್ತಿದೆವು. ಹಾಡಿಗೆ ಹೋಗಿರಬಹುದೆಂದು ಅಲ್ಲಿದ್ದ ಅಜ್ಜಿಗೆ ಹೇಳಿಕಳಿಸಿದೆವು. ತಲೆ ಸುತ್ತಿ ನಾಲೆಗೆ ಬಿದ್ದಳೋ ಎಂದು ಮಾವ ನಾಲೆಯ ಏರಿಯುದ್ದಕ್ಕೂ ನೀರು ನೋಡುತ್ತ ನಡೆದರು.

ಮಾರನೆಯ ಬೆಳಿಗ್ಗೆ ಅವರು ನಮ್ಮ ಬಾಗಿಲಲ್ಲಿ ನಿಂತಿದ್ದಾಗ ಕೈಯಲ್ಲಿ ಅವ್ವನ ಚಪ್ಪಲಿಗಳಿದ್ದವು. ಅನ್ನದ ಕಾಳು ತುಳಿಯಬಾರದೆಂದು ಹೆಂಗಸರು ಚಪ್ಪಲಿಯನ್ನು ಗೋಡೌನಿನ ಕಟ್ಟೆಯ ಮೇಲೆ ಬಿಟ್ಟು ವ್ಯಾಗನ್ ಹತ್ತುತ್ತಿದ್ದರು. ಬೆಳಕು ಹರಿಯುತ್ತಲೇ ಮಾವ ಅಲ್ಲಿಗೆ ಹೋಗಿ ನೋಡಿದಾಗ ಹಳಿ ಖಾಲಿಯಾಗಿತ್ತು. ಅವಳ ಚಪ್ಪಲಿ ಮಾತ್ರ ಕಟ್ಟೆಯ ತುದಿಯಲ್ಲೇ ಉಳಿದಿತ್ತು.

"ನಾನೇ ಮುಚ್ದೆ ಕಣವ್ವ" ಎಂದರು ಮಾವ. "ನನ್ ಕೈಯಾರ ಮುಚ್ದೆ."

ಸ್ಟೇಷನ್ ಮಾಸ್ತರು ಒಳ್ಳೆಯವರು. ನಾವು ಹೇಳಿ ಮುಗಿಸುವ ಮೊದಲೇ ಫೋನು ಎತ್ತಿದರು. ಖಾಲಿ ಗಾಡಿ ಆಗಲೇ ರಾಜ್ಯ ದಾಟಿ ಎಲ್ಲೋ ಹೋಗಿತ್ತು. ಅದು ಎಲ್ಲಿ ನಿಂತಿದೆಯೆಂದು ತಿಳಿಯಲು ಆ ಹಗಲೆಲ್ಲ ಹಿಡಿಯಿತು. ಮಾವ ಆ ಹೊತ್ತಿನಲ್ಲಿ ಆಡಿದ್ದು ಒಂದೇ ಮಾತು. ಬಿಸಿಲಿಗೆ ಕಾದ ಹಳಿಯ ಮೇಲೆ ಕೈಯಿಟ್ಟು, "ಒಳ್ಗೆ ಇನ್ನೆಷ್ಟು ಕಾದಿರ್ತದೋ" ಎಂದರು. ಕೈಯನ್ನು ತೆಗೆಯಲಿಲ್ಲ. ನಾನೇ ಹಿಡಿದು ಎತ್ತಬೇಕಾಯಿತು.

ತಮಿಳುನಾಡಿನ ಒಂದು ಯಾರ್ಡಿನಲ್ಲಿ ಗಾಡಿ ಸಿಕ್ಕಿತು. ಒಂದೊಂದೇ ಬಾಗಿಲು ತೆಗೆಯುತ್ತ ಹೋದವರಿಗೆ ಅವ್ವ ಸಿಕ್ಕಳು. ಜೀವವಿತ್ತು. ಕಬ್ಬಿಣಕ್ಕೆ ಗುದ್ದಿ ಗುದ್ದಿ ಬೆರಳುಗಳು ಒಡೆದಿದ್ದವು, ಉಗುರುಗಳು ಕಿತ್ತುಬಂದಿದ್ದವು, ಕೂಗಿ ಕೂಗಿ ಗಂಟಲು ನಿಂತುಹೋಗಿತ್ತು. ನೀರಿಲ್ಲದೆ ಒಣಗಿದ ಮೈಯಲ್ಲಿ ಮೂತ್ರಪಿಂಡಗಳು ಕೆಟ್ಟಿದ್ದವು.

ಅವಳನ್ನು ಮೈಸೂರಿನ ಆಸ್ಪತ್ರೆಗೆ ತಂದ ಮೇಲೆ ಮಾವ ಬಂದರು. ವಾರ್ಡಿನ ಹೊಸ್ತಿಲಾಚೆ ಗೋಡೆಗೆ ಅಂಟಿಕೊಂಡು ನಿಂತರು. ಅವ್ವ ಕಣ್ಣು ತೆರೆದು ನೋಡಿದಳು.

"ಒಳಕ್ ಬಾ ಅಣ್ಣಯ್ಯ" ಎಂದಳು, ದನಿಯಿಲ್ಲದ ಗಂಟಲಲ್ಲಿ. "ಬಾಗ್ಲು ಮಾತ್ರ ಹಾಕ್‌ಬ್ಯಾಡ."

ಮಾವ ಅವಳ ಮಂಚದ ಕಾಲ ಹತ್ತಿರ ಕೂತರು. ಅವ್ವ ಮೇಲಿನ ಫ್ಯಾನು ನೋಡುತ್ತ ಹೇಳಿದಳು: "ನೀನ್ ಕೂಗಿದ್ದು ಕೇಳುಸ್ತು ಕಣಣ್ಣಯ್ಯ. 'ಓ' ಅಂದೆ. ನನ್ ದನಿ ನಂಗೇ ಕೇಳ್ನಿಲ್ಲ."

ಅವಳು ದೂರಲೆಂದು ಹೇಳಿದ್ದಲ್ಲ. ಅಣ್ಣ ಕೂಗದೆ ಮುಚ್ಚಲಿಲ್ಲ ಎಂದು ಅವರಿಗೆ ಸಮಾಧಾನವಾಗಲೆಂದೇ ಹೇಳಿದಳು. ಆದರೆ ಆ ಮಾತು ಮಾವನೊಳಗೆ ಹೋಗಿ ಕೂತದ್ದು ಮತ್ತೆ ಹೊರಗೆ ಬರಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೂ ಸುಮ್ಮನೆ ಕೂತವರು ಇದ್ದಕ್ಕಿದ್ದಂತೆ, "ಓ ಅಂದಿದ್ಲು" ಎನ್ನುತ್ತಿದ್ದರು. ಹತ್ತಿ ನೋಡಿದ್ದರೆ ಎಂದು ಅವರೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಗುತ್ತಿಗೆದಾರ ಆಸ್ಪತ್ರೆ ಖರ್ಚಿನ ಮಾತು ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಮಲಗಿದವಳದೇ ತಪ್ಪು ಎಂದ. ಮಾವನನ್ನು ಮಾತ್ರ ವಾಪಸ್ಸು ಕೆಲಸಕ್ಕೆ ಕರೆದ. ಅವರು ಹೋದರು. ಮೊದಲ ವ್ಯಾಗನ್ನಿಗೆ ಹತ್ತಿ ನೋಡಿ ಇಳಿದು, ಬಾಗಿಲು ಕೂಡಿಸಿ, ಪಿನ್ನು ಕೈಗೆ ತೆಗೆದುಕೊಂಡರು. ಮತ್ತೆ ಬಾಗಿಲು ತೆಗೆದು ಹತ್ತಿದರು. ಇಳಿದರು. ಮತ್ತೆ ಹತ್ತಿದರು. ಮೊದಲು ಯಾರೋ ನಕ್ಕರಂತೆ, ಆಮೇಲೆ ಯಾರೂ ನಗಲಿಲ್ಲ. ಕೊನೆಗೆ ಜೊತೆಯವನೊಬ್ಬ ಪಿನ್ನನ್ನು ಅವರ ಕೈಯಿಂದ ಬಿಡಿಸಿ ತಾನೇ ಹಾಕಿದ.

ಅವತ್ತೇ ಮಾವ ಗೂಡ್ಸ್ ಗುಮಾಸ್ತರನ್ನು ಕೇಳಿದರಂತೆ: "ಸ್ವಾಮಿ, ಒಳಗಿಂದ ತೆಗ್ಯಂಗೆ ಒಂದು ಹಿಡಿ ಯಾಕೆ ಮಡಗಿಲ್ಲ?" ಗುಮಾಸ್ತರು ಕೆಟ್ಟವರೇನಲ್ಲ. ಪ್ರಶ್ನೆ ಅರ್ಥವಾಗದೆ, "ಸಾಮಾನಿಗೆ ಹಿಡಿ ಯಾಕಯ್ಯಾ ಬೇಕು?" ಎಂದರು. ಮಾವ ಸೀದಾ ನಮ್ಮ ಮನೆಗೆ ಬಂದರು. ಮತ್ತೆ ಗೋಡೌನಿಗೆ ಹೋಗಲಿಲ್ಲ.

ಊರಿಗೆ ಹೋಗಿ ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ, ಬ್ಯಾರನ್ನಿನಲ್ಲಿ, ಬೆಂಕಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಸೊಪ್ಪು ಹದವಾಗಿ ಬೇಯಬೇಕಾದರೆ ಬ್ಯಾರನ್ನಿನ ಬಾಗಿಲನ್ನೂ ಭದ್ರವಾಗಿ ಮುಚ್ಚಬೇಕು. ಅಲ್ಲಿಯೂ ಅವರು ತೆಗೆದು ತೆಗೆದು ಒಳಗೆ ಇಣುಕಿದರು. ಕಾವು ಇಳಿದು ಯಾರದೋ ಸೊಪ್ಪು ಕಪ್ಪಾಯಿತು. ಮಾವನ ಸ್ವಂತ ತಮ್ಮನೇ ಬಂದು, "ಇನ್ ನೀನು ಸುಮ್ನೆ ಕೂತ್ಕೊ ಅಣ್ಣ" ಎಂದ. ಮತ್ತೆ ನಮ್ಮಲ್ಲಿಗೆ ಬಂದರು.

ಆಸ್ಪತ್ರೆಯಿಂದ ಮನೆಗೆ ಬಂದವಳು ನನ್ನ ಹಳೆಯ ಅವ್ವನಾಗಿರಲಿಲ್ಲ. ಮುಚ್ಚಿದ ಬಾಗಿಲು ಕಂಡರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬಚ್ಚಲಿಗೆ ಹೋದರೆ ನಾನು ಸೀರೆ ಅಡ್ಡ ಹಿಡಿದು ನಿಲ್ಲಬೇಕಿತ್ತು. ಮಾವ ನಮ್ಮ ಮನೆಯ ಚಿಲಕ, ಅಗುಳಿಗಳನ್ನೆಲ್ಲ ಬಿಚ್ಚಿ ತೆಗೆದರು. ಕಳ್ಳಕಾಕರ ಭಯಕ್ಕೆ ತಾವೇ ಜಗಲಿಯಲ್ಲಿ ಮಲಗಿದರು. ನೀರು ಸೇದಿದರು, ಸೌದೆ ಒಡೆದರು. ನಾನು ನರ್ಸಿಂಗ್ ಓದಲು ದಿನವೂ ಮೈಸೂರಿಗೆ ಬಸ್ಸು ಹತ್ತುವಾಗ ಅವ್ವನ ಹತ್ತಿರ ಅವರು ಕೂತಿರುತ್ತಿದ್ದರು. ನಾನು ಇವತ್ತು ದುಡಿದು ತಿನ್ನುತ್ತಿದ್ದರೆ ಅದು ಅವರು ಆ ಜಗಲಿಯಲ್ಲಿ ಕೂತಿದ್ದರಿಂದ.

"ಕೊಲ್ಲಾಕ್ ನೋಡ್ದೋನ್ನೇ ಮನೆಗ್ ಸೇರುಸ್ಕಂಡವ್ರೆ" ಎಂದು ಬೀದಿಯವರು ಆಡಿಕೊಂಡರು. ಮಾವನಿಗೆ ಕೇಳಿಸುವಂತೆಯೇ ಆಡಿಕೊಂಡರು. ಅವರು ತಲೆಯೆತ್ತುತ್ತಿರಲಿಲ್ಲ. ಅವ್ವ ಮಾತ್ರ ಒಮ್ಮೆ ಬಾಗಿಲಿಗೆ ಬಂದು, "ನಂ ಅಣ್ಣಂದ್ ನಾನ್ ನೋಡ್ಕತೀನಿ, ನಿಮ್ದ್ ನೀವ್ ನೋಡ್ಕಳಿ" ಎಂದು ಕೂಗಾಡಿದಳು. ಆ ಸಿಟ್ಟಿನಲ್ಲಿ ಅರೆಗಳಿಗೆ ನನ್ನ ಹಳೆಯ ಅವ್ವ ಕಂಡಳು. ಆಮೇಲೆ ಮತ್ತೆ ಮಂಕಾದಳು.

ಡಯಾಲಿಸಿಸ್‌ಗೆ ಓಡಾಡಿ, ಓಡಾಡಿ, ಒಂದು ಸಲ ಹೋದವಳು ಬರಲಿಲ್ಲ. ಅವಳ ಮೈಯನ್ನು ಹಾಡಿಗೆ ಕೊಂಡೊಯ್ದಾಗ ಮಾವ ಗುಂಡಿಯ ಹತ್ತಿರ ಬರಲಿಲ್ಲ. ದೂರದ ಮರದ ಬುಡದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಮಣ್ಣು ಮುಚ್ಚುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ನಂತರವೂ ಅವರು ನನ್ನ ಜೊತೆಯಲ್ಲೇ ಉಳಿದರು. ಉಳಿದರೆನ್ನುವುದು ಹೆಸರಿಗೆ. ಉಣ್ಣೆಂದರೆ ಉಣ್ಣುತ್ತಿದ್ದರು, ಏಳೆಂದರೆ ಏಳುತ್ತಿದ್ದರು. ಕಳೆದ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿತ್ತು. ಆಸ್ಪತ್ರೆಗೆ ಬರಲೊಪ್ಪಲಿಲ್ಲ. ಒಂದು ಸಂಜೆ ನಾನು ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಿಮ್ಮವ್ವ ಬೈಲಿಲ್ಲ. ನೀನೂ ಬೈಲಿಲ್ಲ" ಎಂದರು. "ಬೈದಿದ್ರೆ ಬದುಕ್ಬುಡ್ತಿದ್ದೆ ಕಣವ್ವ. ಒಂದ್ ಸಲ ಬಾಯ್ತುಂಬ ಬೈದ್ಬುಡು."

"ಸುಮ್ಕಿರಿ ಮಾವ."

"ಬೈಯವ್ವ."

ನಾನು ಪ್ರಯತ್ನಪಟ್ಟೆ. ನಿಜವಾಗಿಯೂ ಪಟ್ಟೆ. ಅವ್ವನ ಒಡೆದ ಬೆರಳುಗಳನ್ನು ನೆನಪಿಗೆ ತಂದುಕೊಂಡೆ. ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಗಂಜಿಯ ಚಮಚವನ್ನು ಮತ್ತೆ ಅವರ ತುಟಿಗೆ ಹಿಡಿದೆ. ಅವರು ಮುಖ ತಿರುಗಿಸಿದರು. ಮತ್ತೆರಡು ದಿನಕ್ಕೆ ಹೋದರು.

ರಾವಂದೂರಿನಿಂದ ಮಾವನ ತಮ್ಮ, ಆ ತಮ್ಮನ ಮಕ್ಕಳು ಟೆಂಪೋ ತಂದರು. ನಾನೂ ಹೋದೆ. ಅವರ ಹೊಲದ ಮೂಲೆಯಲ್ಲಿ ಗುಂಡಿ ತೆಗೆದು, ಅವರ ಪದ್ಧತಿಯಂತೆ ಮಾವನನ್ನು ಕೂರಿಸಿ, ವಿಭೂತಿ ಇಟ್ಟರು. ಹತ್ತಿರದವರು ಮೊದಲು ಮಣ್ಣು ಹಾಕಬೇಕೆಂದರು. ನಾನು ಮುಂದೆ ಹೋದೆ. ನನ್ನನ್ನು ತಿಳಿಯದ ಒಬ್ಬ ಹಿರಿಯರು ಕೈ ಅಡ್ಡ ಹಿಡಿದರು.

"ನೀನೇನಾಗ್ಬೇಕವ್ವ ಇವ್ರಿಗೆ?"

"ಸೋದರಸೊಸೆ. ತಂಗಿ ಮಗಳು."

ಅವರು ಮಾವನ ತಮ್ಮನ ಕಡೆ ತಿರುಗಿ, "ನಿಮ್ಮಣ್ಣಂಗೆ ತಂಗೀನೇ ಇರ್ಲಿಲ್ವಲ್ಲಾ?" ಎಂದರು.

ಆ ತಮ್ಮ ನೆಲ ನೋಡಿದ. ನಾನು, "ಇದ್ಲು" ಎಂದೆ. ಹಿಡಿ ಮಣ್ಣು ತೆಗೆದುಕೊಂಡೆ. ಕೈ ಮುಂದೆ ಚಾಚಿದರೂ ಬೆರಳು ಬಿಚ್ಚಲಿಲ್ಲ. ಹಿಂದೆ ನಿಂತವರು, "ಹಾಕವ್ವ, ಹೊತ್ತಾಯ್ತು" ಎನ್ನುತ್ತಲೇ ಇದ್ದರು.