ಕಾಕಾ ಕಂಡ ಕರಿ

ಅಂಬಾದಾಸ ಕಾಕಾಗೆ ಬಣ್ಣ ಸರಿಯಾಗಿ ಕಾಣುತ್ತಿಲ್ಲವೇ? ಮಧ್ಯಾಹ್ನದಿಂದ ಈ ಚಿಂತೆ ಬಿಡುತ್ತಿಲ್ಲ.

ಕಾಕಾ ನನ್ನ ಮಾವ ಹಣಮಂತರಾಯರ ಬೀದರಿನ ಗೆಳೆಯರು. ಪೊಲೀಸ್ ಶಸ್ತ್ರಾಗಾರದಲ್ಲಿ ದುರಸ್ತಿ ಕೆಲಸಕ್ಕೆ ಸೇರಿ, ಅಲ್ಲೇ ತಲೆ ನರೆಸಿಕೊಂಡು, ಈಗ ನಾವಿರುವ ಊರಿನಲ್ಲೇ, ಉಪ್ಪಲ್‌ನಲ್ಲಿ, ಮಗಳ ಮನೆಯಲ್ಲಿದ್ದಾರೆ. ಹಳೆಯ ಫೌಜಿನ ಪಿಸ್ತೂಲು ಇಟ್ಟುಕೊಂಡವರು ಇವತ್ತಿಗೂ ಅವರನ್ನೇ ಕರೆಯುತ್ತಾರೆ. ಲೋಹದ ಮೇಲಿರುವುದು ಕಾರ್ಖಾನೆಯ ಮೂಲ ಬಣ್ಣವೋ, ಆಮೇಲೆ ಹಾಕಿಸಿದ್ದೋ ಅವರೇ ಹೇಳಬೇಕು. ಆ ಕರೆ ಬಂದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹುಡುಗರಂತೆ ಬಸ್ಸು ಹತ್ತುತ್ತಾರಂತೆ.

ನಿನ್ನೆ ನಮ್ಮ ಕೊಂಡಾಪುರದ ಫ್ಲ್ಯಾಟಿಗೆ ಬಂದದ್ದೂ ಅದಕ್ಕೇ. ಮಾವನ ಅಜ್ಜ ನಿಜಾಮರ ಫೌಜಿನಲ್ಲಿದ್ದಾಗಿನ ಪಿಸ್ತೂಲು, ಗುಂಡು ಹಾರದಂತೆ ನಳಿಗೆ ಮುಚ್ಚಿಸಿದ್ದಾರೆ. ಆದರೂ ಅದು ಕಪಾಟಿನಿಂದ ಹೊರಬಂದರೆ ಸಾಕು, ಮಗುವನ್ನು ಸೊಂಟಕ್ಕೇರಿಸಿಕೊಂಡು ದೂರ ನಿಲ್ಲುವವಳು ನಾನು.

ಕಾಕಾ ಹಿಡಿಯ ಕಟ್ಟಿಗೆ ಬಿಚ್ಚಿ, ಒಳಗಿನ ಲೋಹವನ್ನು ಟ್ಯೂಬ್‌ಲೈಟಿಗೆ ಹಿಡಿದರು.

“ಕೈ ತಾಗದ ಜಾಗಾದಾಗ ಮೂಲ ಬಣ್ಣ ಉಳಿದಿರತೈತಿ, ಹಣಮಂತ. ಈ ಪಿಸ್ತೂಲಿಗೆ ಕಂಪನಿ ಕೊಟ್ಟದ್ದು ನೀಲಿ. ಇಲ್ಲಿ ನೋಡು, ಬರೇ ಕರಿ. ಯಾರೋ ಮತ್ತ ಹಾಕ್ಸ್ಯಾರ.”

“ಹಂಗಾದ್ರ ಉಜ್ಜಿಸಿ ಬೆಳ್ಳಗ ಮಾಡಸ್ತೀನಿ ತಗೋ. ದಸರಾದ ಖಂಡೇಪೂಜಿಗೆ ಫಳಫಳ ಅನ್ನಬೇಕು.”

“ಮಾಡ್ಸು. ನಿನ್ನ ಬೋಳತಲಿ ಬಾಜೂಕ ಇಡು, ಯಾವುದು ಹೆಚ್ಚು ಹೊಳಿತೈತಿ ನೋಡೂಣು.”

ಹೊರಡುವಾಗ ನನ್ನ ಮಗಳು ರಶ್ಮಿಯ ಗಲ್ಲ ಹಿಂಡಿ ನನಗೆ ಗದರಿದರು: “ಏನವಾ, ಹಬ್ಬದಾಗ ಕೂಸಿಗೆ ಕರಿ ಅಂಗಿ ಹಾಕೀದಿ?”

ಅಪಶಕುನವೆಂಬ ಮಾತಿಗೇ ಬೆದರುವವಳು ನಾನು. ಹಿಂದುಮುಂದು ನೋಡದೆ ಅಂಗಿ ಬದಲಿಸಿ, ದೃಷ್ಟಿ ತೆಗೆದೆ. ಇವತ್ತು ಅದನ್ನು ಒಗೆದು, ಎದುರು ಏಳುತ್ತಿರುವ ಸಾಫ್ಟ್‌ವೇರ್ ಕಟ್ಟಡದ ಧೂಳಿಗೆ ಬೈದುಕೊಳ್ಳುತ್ತಾ ಬಾಲ್ಕನಿಯಲ್ಲಿ ಹರವುವಾಗ ಕೈ ನಿಂತಿತು. ಅಂಗಿ ಕರಿಯಲ್ಲ, ಗಾಢ ನೀಲಿ. ಕಾಕಾಗೆ ಅದು ಕರಿಯಾಗಿ ಕಂಡಿತ್ತು.

ಹೆದರುತ್ತಲೇ ಪಿಸ್ತೂಲು ತಂದು ಬಿಸಿಲಿಗೆ ಹಿಡಿದೆ. ಬಿಚ್ಚಿಟ್ಟ ಹಿಡಿಯ ಜಾಗದಲ್ಲಿ ನವಿಲಿನ ಕೊರಳಿನಂಥ ನೀಲಿ.

ಸಂಜೆ ಮಾವ ಅದನ್ನು ಪಾಲಿಶ್ ಅಂಗಡಿಗೆ ಒಯ್ಯುತ್ತಾರೆ. ಒಮ್ಮೆ ಉಜ್ಜಿದರೆ ಆ ಬಣ್ಣ ತಿರುಗಿ ಬರುವುದಿಲ್ಲ. ಮಾವನಿಗೇ ಹೇಳಿಬಿಡಲೇ? ಅವರ ಬಾಯಿ ನನಗೆ ಗೊತ್ತು. ಮುಂದಿನ ಮದುವೆ ಊಟದ ಪಂಕ್ತಿಯಲ್ಲೆಲ್ಲ ಇದೇ ಕಥೆ. ಆಮೇಲೆ ಕಾಕಾರನ್ನು ಯಾರು ಕರೆದಾರು? ಇಸ್ತ್ರಿಯ ಅಂಗಿ ತೊಟ್ಟು ಅವರು ಎಲ್ಲಿಗೆ ಹೋಗಬೇಕು? ಹಾಗಂತ ಅವರಿಗೇ ಫೋನ್ ಮಾಡಿ, ನಿಮ್ಮ ಕಣ್ಣು ಮಂಜಾಗಿದೆ ಅನ್ನುವಷ್ಟು ದೊಡ್ಡವಳೇ ನಾನು? ಫೋನಿನ ಹತ್ತಿರ ಹೋಗುವುದು, ಕುಕ್ಕರಿನ ನೆಪ ಮಾಡಿ ವಾಪಸು ಬರುವುದು, ಇದೇ ಆಯಿತು.

ಒಳಗೆ ಮಾವ ಚಪ್ಪಲಿ ಹುಡುಕುವ ಸದ್ದಾಯಿತು. ಉಪ್ಪಲ್‌ನ ನಂಬರು ಒತ್ತಿದೆ.

“ಕಾಕಾ, ನಾನ್ರಿ, ಕೊಂಡಾಪುರದಿಂದ. ನಿನ್ನೆ ಕೂಸು ಹಾಕ್ಕೊಂಡ ಅಂಗಿ ನೀಲಿ ಐತ್ರಿ.”

ಆ ಕಡೆ ತೆಲುಗು ಟಿವಿಯ ಗದ್ದಲ. ಅದನ್ನು ಯಾರೋ ಆರಿಸಿದರು.

“ಪಿಸ್ತೂಲ?”

“ಬಿಸಿಲಾಗ ನೋಡೀನ್ರಿ. ಅದೂ ನೀಲಿನ.”



“ಅದನ್ನ ಎತ್ತಿಡವಾ. ಹಣಮಂತನ ಕೈಯಾಗ ಫೋನ್ ಕೊಡು, ನಾನ ಹೇಳತೀನಿ.”