ಅತ್ತೆಯ ಎದುರಿನ ಕುರ್ಚಿ

ಪರದೇಶದಲ್ಲಿ ನಾವಿದ್ದ ಬಾಂಗ್ಸಾರಿನಲ್ಲಿ ಎಲ್‌ಆರ್‌ಟಿ ಎಂಬ ನಗರ ರೈಲು ಹೊಸದಾಗಿ ಓಡತೊಡಗಿದ್ದ ಕಾಲ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ನನ್ನ ಗಂಡ ಪಾಠ ಮಾಡುತ್ತಿದ್ದರು. ಅವರ ತಾಯಿ ಮೂರು ತಿಂಗಳ ಮಟ್ಟಿಗೆಂದು ಉಡುಪಿಯಿಂದ ಬಂದಿದ್ದರು. ಅತ್ತೆಗೆ ಕಿವಿ ಮಂದ. ಕಿವಿಯ ಮಶೀನು ಹಾಕಿಕೊಂಡರೆ ಮಾತಿಗಿಂತ ಫ್ಯಾನಿನ ಸದ್ದೇ ಜೋರಾಗಿ ಕೇಳುತ್ತದೆಂದು ಅದನ್ನು ಕಪಾಟಿಗೆ ಸೇರಿಸಿಬಿಟ್ಟಿದ್ದರು.

ನನ್ನದೋ ಮೊದಲೇ ದೊಡ್ಡ ಗಂಟಲು. ಅತ್ತೆಯ ಪಕ್ಕ ಅಂಟಿ ಕೂತು, ಕಿವಿಗೆ ಬಾಯಿಟ್ಟು ಕೂಗುತ್ತಿದ್ದೆ. ನಮ್ಮ ಸಾರಿಗೆ ಉಪ್ಪು ಹೆಚ್ಚಾದದ್ದು ಪಕ್ಕದ ಮನೆಯ ತಮಿಳು ಮಾಮಿಗೂ ಗೊತ್ತಾಗುತ್ತಿತ್ತು. ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಹೊರಗೆ ಹೋದರೆ ಮಾತ್ರ ಅತ್ತೆ ಎಲ್ಲದಕ್ಕೂ "ಹೌದು, ಹೌದು" ಎಂದು ನಗುತ್ತಿದ್ದರು. ಏಳು ವರ್ಷದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತಿದ್ದರೂ ಉತ್ತರವೆಲ್ಲ ಇಂಗ್ಲಿಷಿನಲ್ಲೇ. ಹಾಗಾಗಿ ಅಜ್ಜಿ ಮೊಮ್ಮಗಳ ಮಾತುಕತೆ ನಗುವಿನಲ್ಲೇ ಮುಗಿಯುತ್ತಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಅತ್ತೆ, "ನಂಗೆ ಟಿಕೆಟ್ ಮಾಡಿ ಕೊಡಿ. ಇಲ್ಲಿ ಗೊಂಬೆ ಹಾಗೆ ಕೂತ್ಕೊಳ್ಳುದು ಅಷ್ಟೆ" ಎಂದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅವರಿದ್ದರೆ ನನಗೆ ಮನೆ ತುಂಬಿದಂತಿತ್ತು.

ಆ ಶನಿವಾರ ಸಂಜೆ ನಾವು ಮೂವರು ಹೆಂಗಸರೇ ಮಾಮಕ್ ಅಂಗಡಿಗೆ, ಅಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ರೊಟ್ಟಿ ತಿನ್ನಲು ಹೋದೆವು. ಟೀವಿಯಲ್ಲಿ ಫುಟ್‌ಬಾಲ್, ತಲೆಯ ಮೇಲೆ ಗಡಗಡ ಫ್ಯಾನು, ಕಾವಲಿಯ ಹತ್ತಿರ ರೊಟ್ಟಿ ಬಡಿಯುವ ಸದ್ದು. ಪಕ್ಕದ ಕುರ್ಚಿಯನ್ನು ಎಂದಿನಂತೆ ನಾನು ಹಿಡಿದಿದ್ದರಿಂದ ಮಗಳು ಅಜ್ಜಿಯ ಎದುರು, ಟ್ಯೂಬ್‌ಲೈಟಿನ ಕೆಳಗೆ ಕೂತಳು.

"ಟಿಕೆಟ್ ಬೇಡ ಅತ್ತೆ, ಇನ್ನೂ ಸ್ವಲ್ಪ ದಿನ ಇರಿ" ಎಂದು ಕಿವಿಯಲ್ಲಿ ಕೂಗಿದೆ.

"ಹೌದು, ಹೌದು" ಎಂದರು.

ಮತ್ತೆ ಕೂಗಿದೆ. ಆಚೆ ಮೇಜಿನವರೆಲ್ಲ ತಿರುಗಿ ನೋಡಿದರು. ಅತ್ತೆಗೆ ಮಾತ್ರ ತಲುಪಲಿಲ್ಲ.

"ಅಮ್ಮಾ, ಸ್ಟಾಪ್ ಲಾ" ಎಂದು ಮಗಳು ಅಲ್ಲಿನವರ ಧಾಟಿಯಲ್ಲೇ ಗದರಿದಳು. ಆಮೇಲೆ ಅಜ್ಜಿಯ ಮುಖವನ್ನೇ ನೋಡುತ್ತಾ, ಕೂಗದೆ, ಬಿಡಿಸಿ ಬಿಡಿಸಿ ಹೇಳಿದಳು: "ಅಜ್ಜಿ, ನೀವು ಊರಿಗೆ ಹೋಗ್ಬೇಡಿ. ನಂಗೆ ಬೇಜಾರಾಗ್ತದೆ." ಅವಳ ಬಾಯಲ್ಲಿ ಅಷ್ಟು ಉದ್ದದ ಕನ್ನಡವನ್ನು ನಾನು ಕೇಳಿಯೇ ಇರಲಿಲ್ಲ.

"ಬೇಜಾರು ಎಂತಕ್ಕೆ ಮಗಾ? ಇಲ್ಲ, ಹೋಗುದಿಲ್ಲ" ಎಂದು ಅತ್ತೆ ತಟ್ಟನೆ ಉತ್ತರ ಕೊಟ್ಟರು.

ನಾನು ದಂಗಾದೆ. ಎದ್ದು ಮಗಳ ಪಕ್ಕ ಹೋಗಿ ಕೂತು, ಮೆಲ್ಲಗೆ ಕೇಳಿದೆ: "ಬಾಯಿ ಕಂಡ್ರೆ ನಿಮ್ಗೆ ಗೊತ್ತಾಗ್ತದಾ? ಮೊದಲೇ ಹೇಳ್ಬಾರ್ದಿತ್ತಾ ಅತ್ತೆ?"

"ಹೇಳ್ಬೌದಿತ್ತು ಮಾರಾಯ್ತಿ" ಎಂದರು ಅತ್ತೆ. "ಆದ್ರೆ ಈ ಪ್ರಾಯದಲ್ಲಿ ನನ್ನ ಇಷ್ಟು ಹತ್ರ ಬಂದು ಮಾತಾಡುವವ್ರು ಬೇರೆ ಯಾರಿದ್ದಾರೆ? ದೂರ ಹೋಗಿ ಕೂತ್ಕೋ ಅಂತ ಹೇಗೆ ಹೇಳುದು?"

ನಾನು ಎದ್ದು ಮತ್ತೆ ಅವರ ಪಕ್ಕಕ್ಕೇ ಬಂದು ಅಂಟಿ ಕೂತೆ. ಮಾತಾಡುವ ಕೆಲಸವನ್ನು ಮಗಳಿಗೆ ಬಿಟ್ಟೆ.