ಕಸದ ಫೋಲ್ಡರಿಗೆ ಹೋದ ‘ಊಂ’

ಒಂದು ಕೀ ಒತ್ತಿದರೆ ಸಾಕು, ಫೈಲು ತಾನಾಗಿ ತನ್ನ ಮನೆ ಸೇರಿಕೊಳ್ಳುತ್ತದೆ ಎಂದರೆ ನಂಬುತ್ತೀರಾ?

ಈಚೆಗೆ ನಾನು ಅಂಥದ್ದೊಂದು ಮಾಯೆ ಮಾಡಿದೆ. ಮಾಡಿ, ಕೊಳ್ಳೇಗಾಲದ ಮನೆಯಲ್ಲಿ ಒಬ್ಬಳೇ ಕೂತು ಚಪ್ಪಾಳೆಯನ್ನೂ ಹೊಡೆದುಕೊಂಡೆ. (ಬೆಕ್ಕು ಎದುರಿಗಿತ್ತು. ಎದ್ದು ಹೋಯಿತು.)

ವಿಷಯ ಇಷ್ಟೇ. ಮಾಂಬಳ್ಳಿಯಲ್ಲಿ ನನ್ನ ಸೋದರತ್ತೆ ಸಿದ್ದಮ್ಮ ಇದ್ದಾಳೆ. ಅವಳು ಕಥೆಗಳ ಕಣಜ. ಭಾನುವಾರ ಯಳಂದೂರು ಬಸ್ಸು ಹತ್ತಿ ಹೋಗಿ, ಅವಳು ಹೇಳುವ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುವುದು ನನಗೊಂದು ಚಟ. ಜಗುಲಿ ಮೇಲೆ ಅವಳು, ಪಕ್ಕದಲ್ಲಿ ನೆರೆಮನೆಯ ಗೆಳತಿ ಕೆಂಪಮ್ಮ. ಕಥೆ ಹೇಳುವವರು ಒಬ್ಬರಿದ್ದರೆ ‘ಊಂ’ ಅನ್ನುವವರು ಇನ್ನೊಬ್ಬರು ಇರಲೇಬೇಕು, ಅದು ನಮ್ಮ ಕಡೆಯ ಕಾನೂನು. ಊಂ ನಿಂತರೆ ಕಥೆಯೂ ನಿಂತಿತು. ಅತ್ತೆ ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅವಳ ಕಥೆಗಳಿಗೆ ಊಂ ಅಂದವಳು ಕೆಂಪಮ್ಮ ಒಬ್ಬಳೇ.

“ಉಡ್ಗಿ ಕೊಡ ತಕಂಡು ಒಳೆಗೋದ್ಲು” ಅನ್ನುತ್ತಾಳೆ ಅತ್ತೆ.

“ಊಂ” ಅನ್ನುತ್ತಾಳೆ ಕೆಂಪಮ್ಮ.

“ಒಳೆ ಕೇಳ್ತು, ನಾನೂ ನಿನ್ ಜೊತೆ ಬರ್ಲಾ ಅಂತ.”

“ಊಂ.”

ಮನೆಗೆ ಬಂದು ಇದನ್ನು ಕಂಪ್ಯೂಟರಿಗೆ ಹಾಕಿ, ತುಂಡು ತುಂಡು ಮಾಡಿ, ಒಂದೊಂದನ್ನೂ ಸೇವ್ ಮಾಡಬೇಕು. ಸೇವ್ ಅಂದ ತಕ್ಷಣ ಒಂದು ಕಿಟಕಿ ತೆರೆದು ‘ಎಲ್ಲಿಡಲಿ?’ ಎಂದು ಕೇಳುತ್ತದೆ. ನಾನು ಫೋಲ್ಡರ್ ಹುಡುಕುತ್ತಾ ಇನ್ಯಾವುದೋ ಫೋಲ್ಡರಿಗೆ ನುಗ್ಗುತ್ತೇನೆ. ಅಲ್ಲಿ ಸತ್ತೇಗಾಲದ ಹೊಳೆಯಲ್ಲಿ ಕಾಲು ಬಿಟ್ಟು ಕೂತ ಹಳೆಯ ಫೋಟೋ. ಅಷ್ಟರಲ್ಲಿ ಕಥೆಯ ಹುಡುಗಿ ಕಿವಿಯೊಳಗೆ ಇನ್ನೂ ನಡೆಯುತ್ತಲೇ ಇರುತ್ತಾಳೆ, ಅವಳ ಹಿಂದೆ ಹೊಳೆಯೂ ನಡೆಯುತ್ತಿರುತ್ತದೆ. ನಾನು ಮೌಸ್ ಮೇಲೆ ಕೈಯಿಟ್ಟು ಹಾಗೇ ಕೂತುಬಿಡುತ್ತೇನೆ. ಹೀಗಾದರೆ ಕೆಲಸ ಮುಗಿಯುವುದು ಯಾವ ಕಾಲಕ್ಕೆ?

ನನಗೆ ನನ್ನ ಮೇಲೇ ಸಿಟ್ಟು ಬಂತು. ಇಂಟರ್ನೆಟ್ಟಿನಲ್ಲಿ ತಡಕಾಡಿ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಹತ್ತು ಸಾಲಿನ ಒಂದು ಸ್ಕ್ರಿಪ್ಟ್ ಹೊಂದಿಸಿಕೊಂಡೆ. ಡೆಸ್ಕ್‌ಟಾಪ್ ಮೇಲೆ ಎರಡು ಫೋಲ್ಡರ್ ತೆರೆದಿಡಬೇಕು. ಎಡಕ್ಕೆ ‘ಕಥೆ’, ಬಲಕ್ಕೆ ‘ಕಸ’. ಒಂದು ಕೀ ಒತ್ತಿದರೆ ತುಂಡು ಕಥೆಗೆ, ಇನ್ನೊಂದು ಒತ್ತಿದರೆ ಕಸಕ್ಕೆ. ಕಿಟಕಿ ಇಲ್ಲ, ಪ್ರಶ್ನೆ ಇಲ್ಲ, ಕನಸು ಕಾಣಲು ಪುರುಸೊತ್ತೇ ಇಲ್ಲ.

ಕಸಕ್ಕೆ ಹೋದದ್ದೇನು? ಕೋಳಿ ಕೂಗು, ಟ್ರ್ಯಾಕ್ಟರ್ ಸದ್ದು, ಕೆಮ್ಮು. ಮತ್ತೆ ಎಲ್ಲ ಊಂಗಳೂ. ನನಗೆ ಬೇಕಿದ್ದದ್ದು ಶುದ್ಧ ಕಥೆ, ನಡುನಡುವೆ ಈ ಊಂ ಯಾಕೆ? ಟೀ ಕುದಿಯುವಷ್ಟರಲ್ಲಿ ಅಷ್ಟೂ ಮುಗಿದಿತ್ತು. ಕೊನೆಗೆ ಕಸದ ಫೋಲ್ಡರನ್ನು ತಾನೇ ಖಾಲಿ ಮಾಡುವ ಒಂದು ಸಾಲನ್ನೂ ಸೇರಿಸಿದ್ದೆ. (ಅದು ಪೂರ್ತಿ ನನ್ನದೇ ಜಾಣತನ.) ಫೋನಿನಲ್ಲಿದ್ದ ಮೂಲವನ್ನೂ ಜಾಗವಿಲ್ಲವೆಂದು ಅಳಿಸಿದೆ.

ಎರಡು ವಾರದ ಮೇಲೆ ಅತ್ತೆಯ ಫೋನು ಬಂತು. ಕೆಂಪಮ್ಮನಿಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ, ಕೈಕಾಲು ಅಷ್ಟಿಷ್ಟು ಆಡುತ್ತವೆ, ಆದರೆ ಮಾತು ನಿಂತುಹೋಗಿದೆ.

“ಕಥೆ ಯೋಳಕ್ಕೆ ಕುಂತ್ರೆ ನಂಗ್ ಬಾಯೇ ಬರಲ್ಲ ಕಣವ್ವ. ಅವ್ಳು ಊಂ ಅನ್ನದು ನಿನ್ ಫೋನಲ್ಲಿ ಅದೆಯಲ್ವಾ, ತಕಂಡು ಬಾ. ಅವ್ಳೂ ಕೇಳ್ಲಿ. ತನ್ ದನಿಯ ತಾನೇ ಮರ್ತಂಗೆ ಕುಂತವ್ಳೆ.”

“ತತ್ತೀನಿ ಅತ್ತೆ” ಅಂದೆ. ಕಂಪ್ಯೂಟರ್ ತೆರೆದ ಮೇಲೆ ನೆನಪಾಯಿತು. ಕಥೆಗಳೆಲ್ಲ ಇದ್ದವು, ತೊಳೆದ ಪಾತ್ರೆಯ ಹಾಗೆ ಚೊಕ್ಕಟವಾಗಿ. ಊಂ ಒಂದೂ ಇರಲಿಲ್ಲ. ಒಬ್ಬ ಹೆಂಗಸಿನ ಇಡೀ ಆಯುಷ್ಯದ ದನಿಯನ್ನು ಕೋಳಿ ಕೂಗಿನ ಜೊತೆ ಗುಡಿಸಿ ಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಭಾನುವಾರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಇರೋದ್ನೇ ಆಕು” ಅಂದಳು.

ಕಂಪ್ಯೂಟರಿನಿಂದ ಫೋನಿಗೆ ತುಂಬಿಕೊಂಡು ಹೋಗಿದ್ದ ಹೊಳೆಯ ಕಥೆ ಹಾಕಿದೆ. ಕೆಂಪಮ್ಮ ಗೋಡೆಗೆ ಒರಗಿ ಕೂತಿದ್ದಳು. ಫೋನಿನೊಳಗಿನ ಅತ್ತೆ ಉಸಿರೇ ತೆಗೆದುಕೊಳ್ಳದೆ ಹೇಳುತ್ತಾ ಹೋದಳು. ಊಂ ಬರಬೇಕಾದ ಕಡೆ ಕೆಂಪಮ್ಮನ ಗಲ್ಲ ಮೆಲ್ಲಗೆ ಎದೆಯತ್ತ ಬಾಗಿತು. ಅಷ್ಟರಲ್ಲಿ ಕಥೆ ಎರಡು ಮಾತು ಮುಂದೆ ಹೋಗಿತ್ತು. ಇನ್ನೊಮ್ಮೆ ಬಾಗಿತು, ಆಗಲೂ ತಡವಾಯಿತು. ಮೂರನೆಯ ಸಲ ಅವಳು ಕಣ್ಣು ಮುಚ್ಚಿಕೊಂಡಳು.

“ನಿಲ್ಸವ್ವ!” ಅಂದಳು ಅತ್ತೆ. “ಅವ್ಳು ಊಂ ಅನ್ನೋಗಂಟ ಕಾಯಿ. ನಿಂಗ್ಯಾನ ಅರ್ಜೆಂಟು?”

ಮತ್ತೆ ಮೊದಲಿಂದ ಹಾಕಿದೆ. ಈ ಸಲ ಒಂದೊಂದು ಮಾತಿಗೂ ನಿಲ್ಲಿಸಿದೆ. ಹುಡುಗಿ ನಡೆದಳು. ನಿಲ್ಲಿಸಿ ಕಾದೆ. ಗಲ್ಲ ಬಾಗಿತು. ಹೊಳೆ ನಡೆಯಿತು. ಮತ್ತೆ ಕಾದೆ. ಗದ್ದೆಯ ಮೇಲಿನ ಬಿಸಿಲು ನಿಧಾನಕ್ಕೆ ಹಳದಿಯಾಯಿತು, ಬಿಳಿಗಿರಿ ಬೆಟ್ಟ ನೀಲಿಯಾಯಿತು. ಹುಡುಗಿ ಇನ್ನೂ ಊರ ಬಾಗಿಲಿಗೆ ಬಂದಿರಲಿಲ್ಲ. ಬೇಗ ಬರಲಿ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಯಾವಾಗಲೋ ಅತ್ತೆ ಕೈ ಚಾಚಿ ಫೋನಿನ ಮೇಲಿಟ್ಟಳು. “ಮುಚ್ಚವ್ವ ಅದ.” ಕೆಂಪಮ್ಮನ ಕಡೆ ತಿರುಗಿ ಕೂತು, ಅಲ್ಲಿಂದ ಮುಂದಕ್ಕೆ ತಾನೇ ಹೇಳತೊಡಗಿದಳು. ಒಂದು ಮಾತು, ಒಂದು ಗಲ್ಲ. ಒಂದು ಮಾತು, ಒಂದು ಗಲ್ಲ. ಕಥೆ ಮತ್ತೆ ಹೊರಟಿತ್ತು. ಅದನ್ನು ರೆಕಾರ್ಡ್ ಮಾಡೋಣವೆಂದರೆ ಗಲ್ಲ ಬಾಗುವ ಸದ್ದು ಯಾವ ಫೋನಿಗೂ ಕೇಳುವುದಿಲ್ಲ.

ಸ್ಕ್ರಿಪ್ಟನ್ನು ಬಿಸಾಕಿಲ್ಲ, ಸುಳ್ಳು ಯಾಕೆ ಹೇಳಲಿ? ಖಾಲಿ ಮಾಡುವ ಆ ಒಂದು ಸಾಲನ್ನು ಮಾತ್ರ ತೆಗೆದಿದ್ದೇನೆ. ತೆಗೆದರೇನು, ಹೋದದ್ದು ಹೋಯಿತು.

ಅಲ್ಲ, ಕೆಂಪಮ್ಮನ ಊಂಗಳನ್ನು ಒಂದೊಂದೇ ಕತ್ತರಿಸಿ ಎಸೆದ ಆ ಮಧ್ಯಾಹ್ನ ನನಗೆ ಯಾವ ಬಸ್ಸು ತಪ್ಪಿಹೋಗುತ್ತಿತ್ತು ಹೇಳಿ?